ಕಡಲಿನಲ್ಲಿ ನೆಟ್ಟ ಖರ್ಜೂರದ ಮರ

ಹೊಲವನ್ನು ಕೊಳ್ಳಬಹುದು, ಮಾರಬಹುದು, ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳಬಹುದು. ಆದರೆ ಹೊಸ ನೆಲವನ್ನು ಮಾತ್ರ ಯಾರೂ ಉಂಟುಮಾಡಲಾರರು ಎಂಬುದು ನಮ್ಮಲ್ಲಿ ಸಾಮಾನ್ಯವಾಗಿರುವ ಭಾವನೆ. ಇದು ಪೂರ್ತಿಯಾಗಿ ನಿಜವಲ್ಲ. ಪ್ರಕೃತಿಯು ಹೊಸ ನೆಲವನ್ನು ಬಗೆಬಗೆಯಾಗಿ ನಿರ್ಮಿಸುತ್ತಿರುವುದನ್ನು ಭೂಗೋಳಶಾಸ್ತ್ರದಲ್ಲಿ ಓದಿರುವೆವಷ್ಟೆ. ಜ್ವಾಲಾಮುಖಿಯು ಕಡಲಿನ ತಳದಿಂದ ಶಿಲಾರಸವನ್ನು ಕಾರಿ ದ್ವೀಪವನ್ನೆಬ್ಬಿಸುವುದು. ಹವಳದ ಜೀವಿಗಳು ಸುಣ್ಣದ ಗೂಡುಗಳನ್ನು ಒಂದರ ಮೇಲೊಂದು ಕಟ್ಟಿ ನೀರಿನ ಮಟ್ಟಕ್ಕೆ ಬರುವುವು. ನದಿಯು ತಾನು ಹೊತ್ತುತಂದ ಮೆಕ್ಕಲನ್ನು ಮುಖದಲ್ಲಿ ಸುರಿದು ದಿಬ್ಬಗಳನ್ನು ಬೆಳೆಸುವುದು. ಇವುಗಳಲ್ಲಿ ಬಹುಪಾಲಿಗೆ ಹಿಡಿಯುವ ಕಾಲವನ್ನು ಶತಮಾನಗಳಿಂದಲೂ ಸಹಸ್ರಮಾನಗಳಿಂದಲೂ ಅಳೆಯಬೇಕು. ಮನುಷ್ಯನಿಗಾದರೋ ಅಷ್ಟು ತಾಳ್ಮೆಯಿಲ್ಲ.

ನೀರಿನಲ್ಲಿ ನೆಲವನ್ನು ಮಾಡಿಕೊಳ್ಳುವ ಸಾಹಸ ಹೊಸತೇನೂ ಅಲ್ಲ. ಪೆರು ದೇಶದ ಟಿಟಿಕಾಕಾ ಸರೋವರದಲ್ಲಿ ಉರೋ ಜನರು ಜೊಂಡನ್ನು ಹಾಸಿ ತೇಲುವ ದ್ವೀಪಗಳನ್ನು ಹೆಣೆದುಕೊಂಡು ಬಾಳುತ್ತಿರುವರು. ವೆನಿಸ್ ನಗರವು ಕೆಸರಿನಲ್ಲಿ ಇಳಿಯಬಡಿದ ಮರದ ಗೂಟಗಳ ಮೇಲೆ ನಿಂತಿದೆ. ನಮ್ಮ ನೆರೆಯ ಕೊಚ್ಚಿಯಲ್ಲಿ ೧೯೨೦ರ ಮತ್ತು ೩೦ರ ದಶಕಗಳಲ್ಲಿ ರಾಬರ್ಟ್ ಬ್ರಿಸ್ಟೊ ಎಂಬ ಎಂಜಿನಿಯರನು ಬಂದರನ್ನು ಆಳಗೊಳಿಸುವಾಗ ತೋಡಿ ತೆಗೆದ ಮಣ್ಣನ್ನು ಒಂದೆಡೆ ರಾಶಿ ಹಾಕಿಸಿ ವಿಲ್ಲಿಂಗ್ಡನ್ ದ್ವೀಪವನ್ನೇ ಮಾಡಿಬಿಟ್ಟನು. ಹಾಲೆಂಡಿನವರು ಫ್ಲೇವೊಲೆಂಡ್ ಪ್ರಾಂತದಲ್ಲಿ ೧೯೫೭ ಮತ್ತು ೧೯೬೮ರಲ್ಲಿ ಎರಡು ಹಂತಗಳಾಗಿ ಪಡೆದ ನೆಲವು ೯೦೦ ಚದರ ಕಿಲೋಮೀಟರಿಗೂ ಹೆಚ್ಚಿನದು. ಆದರೆ ಅಲ್ಲಿ ನಡೆದದ್ದು ಮಣ್ಣನ್ನು ತುಂಬುವ ಕೆಲಸವಲ್ಲ. ಸುತ್ತಲೂ ಕಟ್ಟೆ ಹಾಕಿ ನೀರನ್ನು ಹೊರಕ್ಕೆ ಚೆಲ್ಲುವ ಕೆಲಸ. ಇವೆಲ್ಲವೂ ಅಗತ್ಯದಿಂದ ಹುಟ್ಟಿದವು: ಒಂದು ರಕ್ಷಣೆಗೆ, ಒಂದು ವ್ಯಾಪಾರಕ್ಕೆ, ಒಂದು ಬೇಸಾಯಕ್ಕೆ.

ಭೋಗಕ್ಕಾಗಿ ದ್ವೀಪವನ್ನು ಕಟ್ಟುವ ರೂಢಿಯನ್ನು ದೊಡ್ಡ ಪ್ರಮಾಣದಲ್ಲಿ ತೊಡಗಿಸಿದವರು ಅಮೆರಿಕದವರೆನ್ನಬೇಕು. ಫ್ಲಾರಿಡಾದ ಮಯಾಮಿ ನಗರದ ಪಕ್ಕದ ಬಿಸ್ಕೇನ್ ಕೊಲ್ಲಿಯು ಆಳವಿಲ್ಲದ ನೀರು. ೧೯೨೦ರ ದಶಕದಲ್ಲಿ ಅಲ್ಲಿಯ ತಳವನ್ನು ತೋಡಿ, ಸ್ಟಾರ್ ದ್ವೀಪ, ವೆನೀಷಿಯನ್ ದ್ವೀಪಗಳು ಮೊದಲಾದುವನ್ನು ಮಾಡಿ, ಧನವಂತರಿಗೆ ಮನೆಯ ನಿವೇಶನಗಳನ್ನು ಮಾರಿದರು. ೧೯೨೬ರ ಸೆಪ್ಟೆಂಬರಿನಲ್ಲಿ ಬಂದ ಚಂಡಮಾರುತವೂ ನೆಲದ ಬೆಲೆಯ ಕುಸಿತವೂ ಸೇರಿ ಆ ಉತ್ಸಾಹವನ್ನು ತಣ್ಣಗೆ ಮಾಡಿದವು. ಐಸೋಲಾ ದಿ ಲೊಲಾಂದೊ ಎಂದು ಹೆಸರಿಟ್ಟು ಮೊದಲುಮಾಡಿ ಕೈಬಿಟ್ಟ ಒಂದು ದ್ವೀಪದ ಗೂಟಗಳು ಮಾತ್ರ ಕೊಲ್ಲಿಯ ನೀರಿನಿಂದ ತಲೆಯೆತ್ತಿಕೊಂಡು ಉಳಿದವು.

ನಾವು ಈ ಲೇಖನದಲ್ಲಿ ಮುಖ್ಯವಾಗಿ ವಿಚಾರಿಸಬೇಕೆಂದಿರುವುದು ಅದಕ್ಕಿಂತ ಬಹು ದೊಡ್ಡದಾದ ಒಂದು ಕಾರ್ಯವನ್ನು. ಪರ್ಷಿಯನ್ ಕೊಲ್ಲಿಯ ದಕ್ಷಿಣ ತೀರದಲ್ಲಿ ದುಬಾಯಿ ಎಂಬ ಪಟ್ಟಣವಿದೆ. ಮಂಗಳೂರು, ಉಡುಪಿ, ಭಟ್ಕಳಗಳ ಕಡೆಯವರಿಗೆ ಆ ಹೆಸರು ಮನೆಮಾತು. ಆ ಊರುಗಳಲ್ಲಿ ದುಬಾಯಿಯಲ್ಲಿ ದುಡಿಯುವ ನೆಂಟನಿಲ್ಲದ ಮನೆ ಅಪರೂಪ. ಅಲ್ಲಿ ೧೯೬೬ರಲ್ಲಿ ತೈಲವು ದೊರಕಿತು. ಆದರೆ ನೆರೆಯ ಅಬುಧಾಬಿಯಲ್ಲಿರುವಷ್ಟು ಹೇರಳವಾಗಿ ದೊರಕಲಿಲ್ಲ. ತೈಲವು ತೀರಿದ ಮೇಲೆ ಬಾಳುವುದು ಹೇಗೆಂಬ ಚಿಂತೆ ಅಲ್ಲಿಯ ಅರಸರಿಗೆ ಬೇಗನೆ ಹತ್ತಿಕೊಂಡಿತು. ೧೯೭೯ರಲ್ಲಿ ಜೆಬೆಲ್ ಅಲಿಯಲ್ಲಿ ಮಹಾ ಬಂದರನ್ನು ತೆರೆದರು. ಬಳಿಕ ವಿಹಾರಾರ್ಥಿಗಳನ್ನು ಬರಮಾಡಿಕೊಳ್ಳುವ ಯೋಚನೆಗೆ ಕೈಹಾಕಿದರು. ೧೯೯೯ರಲ್ಲಿ ತೀರದಿಂದ ೨೮೦ ಮೀಟರು ದೂರದ ಸಣ್ಣ ಕೃತಕ ದ್ವೀಪವೊಂದರ ಮೇಲೆ, ಹಡಗಿನ ಪಟದ ಆಕಾರದ ಬುರ್ಜ್ ಅಲ್ ಅರಬ್ ಎಂಬ ಹೋಟೆಲು ಎದ್ದಿತು. ಈ ಕಟ್ಟಡದ ತಳಪಾಯ ಬಂಡೆಗೆ ತಗುಲಿಲ್ಲವೆಂಬುದು ಸ್ವಾರಸ್ಯದ ಸಂಗತಿ. ತಲಾ ೪೦ ಮೀಟರಿನ ೨೩೦ ಕಾಂಕ್ರೀಟಿನ ಕಂಬಗಳನ್ನು ಮರಳಿನೊಳಕ್ಕೆ ಇಳಿಸಿದ್ದಾರೆ; ಕಂಬದ ಮೈಗೂ ಮರಳಿಗೂ ಇರುವ ಘರ್ಷಣೆಯೇ ಆ ಮಹಾಭಾರವನ್ನು ಹೊತ್ತಿರುವುದು. ಅಕ್ಕಿಯ ಮೂಟೆಯೊಳಕ್ಕೆ ಕೋಲನ್ನು ಆಳವಾಗಿ ಚುಚ್ಚಿ ಹೊರಕ್ಕೆಳೆಯಲು ಯತ್ನಿಸಿದರೆ ಈ ಬಲದ ಅನುಭವವು ಯಾರಿಗಾದರೂ ಆಗುವುದು.

ವಿಹಾರಾರ್ಥಿಗೆ ಬೇಕಾದದ್ದು ಬಿಸಿಲು ಮತ್ತು ಕಡಲತೀರ. ಬಿಸಿಲಿಗೆ ಅಲ್ಲಿ ಬರವಿಲ್ಲ. ತೀರವಾದರೋ ಸುಮಾರು ೭೦ ಕಿಲೋಮೀಟರು ಮಾತ್ರವೇ ಇದ್ದು, ಅದು ಬೇಗಬೇಗನೆ ಕಟ್ಟಡಗಳಿಂದ ತುಂಬುತ್ತಿದ್ದಿತು. ಆದುದರಿಂದ ಅವರ ಮುಂದಿದ್ದ ಪ್ರಶ್ನೆ ನೆಲವನ್ನು ಹೆಚ್ಚಿಸುವುದು ಹೇಗೆಂಬುದಲ್ಲ. ಅವರ ಬೆನ್ನ ಹಿಂದೆ ಬೇಕಾದಷ್ಟು ಮರಳುಗಾಡಿದೆ. ತೀರವನ್ನು ಹೆಚ್ಚಿಸುವುದು ಹೇಗೆಂಬುದೇ ಪ್ರಶ್ನೆ. ಈ ಎರಡಕ್ಕೂ ಇರುವ ಭೇದವನ್ನು ನಮ್ಮ ವಿದ್ಯಾರ್ಥಿಗಳು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು, ಏಕೆಂದರೆ ಆ ದ್ವೀಪದ ವಿಚಿತ್ರವಾದ ಆಕಾರಕ್ಕೆ ಅದರಲ್ಲಿಯೇ ಕಾರಣವಿದೆ.

ಒಂದು ನಿರ್ದಿಷ್ಟ ವಿಸ್ತೀರ್ಣವನ್ನು ಅತ್ಯಂತ ಕಡಮೆ ಅಂಚಿನಿಂದ ಸುತ್ತುವರಿಯುವ ಆಕೃತಿ ವೃತ್ತ. ಪಾಮ್ ಜುಮೇರಾ ಎಂದು ಹೆಸರಾದ ಈ ದ್ವೀಪದ ನೆಲದ ವಿಸ್ತೀರ್ಣ ಸುಮಾರು ೫.೬ ಚದರ ಕಿಲೋಮೀಟರು. ಇಷ್ಟೇ ನೆಲವನ್ನು ವೃತ್ತಾಕಾರವಾಗಿ ಮಾಡಿದ್ದರೆ ಅದರ ತ್ರಿಜ್ಯವು ಸುಮಾರು ೧.೩ ಕಿಲೋಮೀಟರು, ಪರಿಧಿಯು ಸುಮಾರು ೮.೪ ಕಿಲೋಮೀಟರು ಆಗುತ್ತಿತ್ತು. ಎಂಟು ಕಿಲೋಮೀಟರು ತೀರಕ್ಕಾಗಿ ಇಷ್ಟು ಖರ್ಚು ಯಾರಿಗೆ ಬೇಕು? ಅದನ್ನೇ ಖರ್ಜೂರದ ಮರದಂತೆ ಒಂದು ಕಾಂಡ, ಅದರಿಂದ ಇಬ್ಬದಿಗೂ ಹೊರಟ ೧೬ ಗರಿಗಳು, ಸುತ್ತಲೂ ಬಾಲಚಂದ್ರಾಕಾರದ ತಡೆಗೋಡೆ, ಈ ರೀತಿ ಹರಡಿದಾಗ ದೊರೆತ ಹೊಸ ತೀರವು ೫೦ ಕಿಲೋಮೀಟರಿಗೂ ಹೆಚ್ಚು. ನಮ್ಮ ಶ್ವಾಸಕೋಶದ ಒಳಮೈಯೂ ಮರದ ಎಲೆಗಳೂ ಮೀನಿನ ಕಿವಿರೂ ಇದೇ ಉಪಾಯವನ್ನು ಅನುಸರಿಸಿವೆ: ಕಡಮೆ ವಸ್ತುವಿನಲ್ಲಿ ಹೆಚ್ಚು ಅಂಚು. ಖರ್ಜೂರವು ಅರಬರಿಗೆ ಪ್ರಿಯವಾದ ಮರವಾದುದರಿಂದ ಆ ಆಕೃತಿಯು ಅವರ ಮನಸ್ಸಿಗೂ ಒಪ್ಪಿತು, ಆಕಾಶದಿಂದ ನೋಡುವವರಿಗೆ ವಿಸ್ಮಯವನ್ನೂ ಒದಗಿಸಿತು. ಆದರೆ ಗರಿಯ ಮೇಲಿನ ಮನೆಯಲ್ಲಿ ವಾಸಿಸುವವನಿಗೆ ಈ ಖರ್ಜೂರ ಎಂದಿಗೂ ಕಾಣುವುದಿಲ್ಲ. ಎದುರಿಗೆ ಕಾಣುವುದು ಪಕ್ಕದ ಗರಿಯ ಮೇಲಿನ ಮನೆಗಳ ಸಾಲು.

ಕೆಲಸವು ೨೦೦೧ರಲ್ಲಿ ಮೊದಲಾಯಿತು. ನಖೀಲ್ ಎಂಬ ಸಂಸ್ಥೆ ಇದರ ಒಡೆತನ ವಹಿಸಿತು. ಸಮುದ್ರವನ್ನು ತುಂಬುವ ಹೊಣೆಯನ್ನು ಹಾಲೆಂಡಿನ ವಾನ್ ಓರ್ಡ್ ಸಂಸ್ಥೆಯವರು ಹೊತ್ತರು. ಅಲ್ಲಿಯ ಕಡಲಿನ ಆಳ ಸುಮಾರು ೧೦ ಮೀಟರು. ಬೇಕಾದ ಮರಳು ೯ ಕೋಟಿ ೪೦ ಲಕ್ಷ ಘನ ಮೀಟರು; ಕಲ್ಲು ೭೦ ಲಕ್ಷ ಟನ್ನು. ಒಂದು ಲಾರಿಗೆ ಹತ್ತು ಘನ ಮೀಟರು ಹಿಡಿಸುವುದೆಂದುಕೊಂಡರೆ ಮರಳಿಗೇ ೯೪ ಲಕ್ಷ ಲಾರಿಗಳಾದವು. ಈ ಮೊತ್ತವನ್ನು ವಿಸ್ತೀರ್ಣದಿಂದ ಭಾಗಿಸಿ ನೋಡಿದರೆ ಸರಾಸರಿ ದಪ್ಪವು ಸುಮಾರು ೧೭ ಮೀಟರು ಬರುವುದು. ನೀರಿನ ಆಳ ಹತ್ತು, ನೀರಿನ ಮೇಲಿನ ಎತ್ತರ ಮೂರು ನಾಲ್ಕು. ಒಟ್ಟು ಹದಿನಾಲ್ಕಾದರೆ ಉಳಿದುದೆಲ್ಲಿ ಹೋಯಿತು? ಮರಳಿನ ರಾಶಿಯು ಗೋಡೆಯಂತೆ ನೆಟ್ಟಗೆ ನಿಲ್ಲಲಾರದು. ನೀರಿನೊಳಗೆ ಅದು ಬಹಳ ಓರೆಯಾಗಿ ಹರಡಿಕೊಳ್ಳುವುದು. ಕಣ್ಣಿಗೆ ಕಾಣುವ ಪ್ರತಿಯೊಂದು ಗರಿಯ ಕೆಳಗೂ ಅದಕ್ಕಿಂತ ಅಗಲವಾದ ಕಾಣದ ಪಾದವೊಂದಿದೆ. ಗರಿಗಳು ಹೆಚ್ಚಿದಷ್ಟೂ ಇಳಿಜಾರುಗಳು ಹೆಚ್ಚುವುವು, ಮರಳೂ ಹೆಚ್ಚು ಬೇಕಾಗುವುದು. ತೀರವನ್ನು ಬೆಳೆಸಿದುದಕ್ಕೆ ತೆತ್ತ ಸುಂಕವೆಂದು ಇದನ್ನು ಕರೆಯಬಹುದು.

ಇಲ್ಲಿ ವಾಚಕರಿಗೆ ಒಂದು ಸಂಶಯ ಬರುವುದು ಸಹಜ. ಪಕ್ಕದಲ್ಲಿಯೇ ಮರಳುಗಾಡಿರುವಾಗ ಮರಳನ್ನು ಕಡಲಿನ ತಳದಿಂದ ಏಕೆ ತೆಗೆದರು? ಒಂದು ಕಾರಣ ಖರ್ಚು. ಹತ್ತಾರು ಕಿಲೋಮೀಟರು ಲಾರಿಗಳಲ್ಲಿ ಸಾಗಿಸುವುದಕ್ಕಿಂತ ಹಡಗಿನಲ್ಲಿ ತರುವುದು ಸುಲಭ. ಇನ್ನೊಂದು ಕಾರಣ ಮರಳಿನ ಗುಣ. ಗಾಳಿಯಲ್ಲಿ ಹಾರಾಡುವ ಕಣಗಳು ಒಂದಕ್ಕೊಂದು ಬಲವಾಗಿ ಬಡಿದುಕೊಂಡು ಮೂಲೆಗಳನ್ನು ಕಳೆದುಕೊಂಡು ಗುಂಡಗಾಗುವುವು. ನೀರಿನಲ್ಲಾದರೆ ಎರಡು ಕಣಗಳ ನಡುವೆ ಸಿಕ್ಕಿದ ನೀರೇ ಮೆತ್ತೆಯಂತೆ ಪೆಟ್ಟನ್ನು ತಡೆಯುವುದರಿಂದ ಕಡಲ ಮರಳು ಹೆಚ್ಚು ಒರಟಾಗಿ ಉಳಿಯುವುದು. ಚಿಪ್ಪಿನ ಚೂರುಗಳೂ ಅದರಲ್ಲಿ ಬೆರೆತಿರುವುವು. ಒರಟು ಕಣಗಳು ಒಂದನ್ನೊಂದು ಕಚ್ಚಿ ಹಿಡಿಯುವುವು, ಗುಂಡು ಕಣಗಳು ಜಾರುವುವು. ರಾಗಿಯ ರಾಶಿಗೂ ಜಲ್ಲಿಯ ರಾಶಿಗೂ ಇರುವ ವ್ಯತ್ಯಾಸವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಕಣದ ಗಾತ್ರವೂ ಮುಖ್ಯ. ನೀರಿನಲ್ಲಿ ಸಣ್ಣ ಕಣವು ಇಳಿಯುವ ವೇಗವು ಅದರ ವ್ಯಾಸದ ವರ್ಗಕ್ಕೆ ಅನುಪಾತವಾಗಿರುವುದೆಂದು ಸ್ಟೋಕ್ಸ್ ಎಂಬ ವಿಜ್ಞಾನಿಯು ೧೮೫೧ರಲ್ಲಿ ತೋರಿಸಿದನು. ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲಿನ ವ್ಯಾಸವುಳ್ಳ ಕಣವು ಹತ್ತು ಮೀಟರು ಇಳಿಯಲು ಸುಮಾರು ಇಪ್ಪತ್ತು ನಿಮಿಷ ಸಾಕು. ನೂರರಲ್ಲಿ ಒಂದು ಪಾಲಿನ ವ್ಯಾಸವುಳ್ಳ ಧೂಳಿನ ಕಣಕ್ಕೆ ಅದರ ನೂರರಷ್ಟು, ಎಂದರೆ ಒಂದು ಹಗಲು ಒಂದು ರಾತ್ರಿಗೂ ಹೆಚ್ಚು ಕಾಲ ಬೇಕು. ಅಷ್ಟರಲ್ಲಿ ಪ್ರವಾಹವು ಅದನ್ನು ಎಲ್ಲಿಗೋ ಕೊಂಡೊಯ್ದಿರುವುದು. ಈ ಸೂತ್ರವನ್ನು ಮುಂದೆ ಹವಳದ ವಿಷಯವನ್ನು ಹೇಳುವಾಗ ಮತ್ತೆ ನೆನೆಯಬೇಕಾಗಿದೆ.

ಮರಳನ್ನು ತೆಗೆಯುವ ಹಡಗು ಒಂದು ದೈತ್ಯ ಹೀರುಗೊಳವೆಯಂತೆ. ಅದು ಸಾಗುತ್ತಿರುವಾಗಲೇ ಉದ್ದವಾದ ಕೊಳವೆಯನ್ನು ತಳಕ್ಕೆ ಇಳಿಬಿಟ್ಟು ನೀರಿನೊಡನೆ ಮರಳನ್ನು ಸೆಳೆದು ಒಡಲಲ್ಲಿ ತುಂಬಿಕೊಳ್ಳುವುದು. ಮರಳು ಕೆಳಗೆ ಕೂರುವುದು, ಕದಡಿದ ನೀರು ಹೊರಕ್ಕೆ ಚೆಲ್ಲುವುದು. ಹೊರೆ ತುಂಬಿದ ಮೇಲೆ ಹಡಗು ನಿಯತ ಸ್ಥಳಕ್ಕೆ ಬಂದು, ತಳದ ಬಾಗಿಲುಗಳನ್ನು ತೆರೆದು ಮರಳನ್ನು ಸುರಿಯುವುದು. ದಿಬ್ಬವು ಬೆಳೆಯುತ್ತ ಬಂದಂತೆ ಹಡಗಿಗೆ ಮೇಲೆ ಹೋಗಲು ಬೇಕಾದ ಆಳವೇ ಉಳಿಯುವುದಿಲ್ಲ. ಆಗ ಮೂತಿಯಲ್ಲಿರುವ ಬಾಯಿಯಿಂದ ಮರಳು ನೀರುಗಳ ಮಿಶ್ರಣವನ್ನು ಕಮಾನಿನಂತೆ ಮುಂದಕ್ಕೆ ಚಿಮ್ಮಿಸುವರು. ದೂರದಿಂದ ಇದು ಕಾಮನಬಿಲ್ಲಿನಂತೆ ಕಾಣುವುದರಿಂದ ಕೆಲಸಗಾರರು ಈ ಕ್ರಮವನ್ನು ಆ ಹೆಸರಿನಿಂದಲೇ ಕರೆಯುವರು.

ತೆರೆದ ಕಡಲಿನಲ್ಲಿ ಗೆರೆ ಎಳೆಯುವುದೆಲ್ಲಿಂದ ಬಂತು? ಗರಿಗಳ ಬಾಗನ್ನು ತಪ್ಪದೆ ಮೂಡಿಸಿದ್ದು ಹೇಗೆ? ಈ ಕಾರ್ಯಕ್ಕೆ ಕೃತಕ ಉಪಗ್ರಹಗಳು ನೆರವಾದವು. ನಾಲ್ಕು ಉಪಗ್ರಹಗಳಿಂದ ಬರುವ ಸಂಕೇತಗಳು ತಲಪಲು ಹಿಡಿದ ಕಾಲವನ್ನು ಅಳೆದು ಹಡಗು ತಾನಿರುವ ಸ್ಥಳವನ್ನು ಲೆಕ್ಕಹಾಕುವುದು. ಈ ಲೆಕ್ಕದಲ್ಲಿ ಕೆಲವು ಮೀಟರುಗಳ ವ್ಯತ್ಯಾಸ ಬರಬಹುದು. ಆದುದರಿಂದ ನೆಲದ ಮೇಲೆ ಸ್ಥಾನವು ನಿಖರವಾಗಿ ತಿಳಿದಿರುವ ಒಂದು ಕೇಂದ್ರವನ್ನಿಟ್ಟು, ಅಲ್ಲಿ ಉಪಗ್ರಹಗಳು ತೋರುವ ತಪ್ಪೆಷ್ಟೆಂದು ಕಂಡು, ಆ ತಪ್ಪನ್ನು ಹಡಗಿನ ಲೆಕ್ಕದಿಂದ ಕಳೆಯುವರು. ತಪ್ಪನ್ನು ಅಳೆಯಬಲ್ಲವನಿಗೆ ಅದನ್ನು ತಿದ್ದುವುದು ಕಷ್ಟವಲ್ಲ.

ಆದರೆ ಬರಿಯ ಮರಳನ್ನು ಕಡಲು ಬಹುಕಾಲ ಸಹಿಸದು. ಅಲೆಯ ಬಲವು ಮೂರು ಸಂಗತಿಗಳನ್ನು ಅವಲಂಬಿಸಿದೆ: ಗಾಳಿಯ ವೇಗ, ಅದು ಬೀಸುವ ಕಾಲ, ತಡೆಯಿಲ್ಲದೆ ನೀರಿನ ಮೇಲೆ ಅದು ಕ್ರಮಿಸುವ ದೂರ. ಪರ್ಷಿಯನ್ ಕೊಲ್ಲಿಯು ವಾಯವ್ಯದಿಂದ ಆಗ್ನೇಯಕ್ಕೆ ಚಾಚಿ ಸಾವಿರ ಕಿಲೋಮೀಟರಿನಷ್ಟು ಉದ್ದವಿದೆ. ಶಮಾಲ್ ಎಂಬ ಗಾಳಿಯೂ ವಾಯವ್ಯದಿಂದಲೇ ಬೀಸುವುದು. ದುಬಾಯಿಯಿರುವುದು ಈ ಉದ್ದದ ಕೊನೆಯ ಕಡೆಗೆ. ಆದುದರಿಂದ ಗರಿಗಳನ್ನು ಕಾಯಲು ೧೧ ಕಿಲೋಮೀಟರು ಉದ್ದದ ತಡೆಗೋಡೆಯನ್ನು ಕಟ್ಟಬೇಕಾಯಿತು. ಇದು ನೆಟ್ಟನೆಯ ಗೋಡೆಯಲ್ಲ. ಓರೆಯಾದ ಕಲ್ಲಿನ ದಿಬ್ಬ. ಅಡಿಯಲ್ಲಿ ಮರಳು, ಅದರ ಮೇಲೆ ನೀರನ್ನು ಬಿಟ್ಟು ಮರಳನ್ನು ಹಿಡಿಯುವ ಬಟ್ಟೆ, ಅದರ ಮೇಲೆ ಸಣ್ಣ ಕಲ್ಲು, ಎಲ್ಲಕ್ಕೂ ಮೇಲೆ ಆರಾರು ಟನ್ನಿನ ತನಕ ತೂಗುವ ಬಂಡೆಗಳು. ಅಲೆಯು ಬಂಡೆಗಳ ಸಂದುಗಳೊಳಗೆ ನುಗ್ಗಿ ಸಾವಿರ ತುಣುಕಾಗಿ ತನ್ನ ಶಕ್ತಿಯನ್ನು ಕಳೆದುಕೊಳ್ಳುವುದು. ಅಲೆಯ ಶಕ್ತಿಯು ಎತ್ತರದ ವರ್ಗಕ್ಕೆ ಅನುಪಾತವಾಗಿರುವುದರಿಂದ ಎತ್ತರವು ಅರ್ಧವಾದರೆ ಶಕ್ತಿಯು ಕಾಲುಭಾಗವಾಗುವುದು. ನಡುವಿನ ಬಟ್ಟೆಯಿಲ್ಲದಿದ್ದರೆ ಪ್ರತಿಯೊಂದು ಅಲೆಯೂ ಹಿಂದಕ್ಕೆ ಸರಿಯುವಾಗ ಒಂದಿಷ್ಟು ಮರಳನ್ನು ಸಂದಿನಿಂದ ಹೀರಿಕೊಂಡು ಹೋಗುತ್ತಿತ್ತು. ಕೆಲವು ವರ್ಷಗಳಲ್ಲಿ ಬಂಡೆಗಳು ತಾವೇ ತೋಡಿದ ಹಳ್ಳದಲ್ಲಿ ಮುಳುಗುತ್ತಿದ್ದವು.

ಕಡಲಿನಲ್ಲಿ ಸುರಿದ ಮರಳು ಸಡಿಲವಾಗಿರುವುದು. ಸೇರಿನಲ್ಲಿ ಅಕ್ಕಿಯನ್ನು ಅಳೆಯುವಾಗ ಅಂಗಡಿಯವನು ಅಲುಗಿಸದೆ ಅಳೆದರೆ ಕೊಳ್ಳುವವನು ಆಕ್ಷೇಪಿಸುವುದೇಕೆ? ಅಲುಗಿಸಿದರೆ ಕಾಳುಗಳು ಒತ್ತೊತ್ತಾಗಿ ಕೂತು ಇನ್ನೂ ಒಂದು ಹಿಡಿ ಹಿಡಿಸುವುದು. ಸಡಿಲ ಮರಳಿನ ಮೇಲೆ ಮನೆ ಕಟ್ಟಿದ ಬಳಿಕ ಭೂಕಂಪವು ಈ ಅಲುಗಿಸುವ ಕೆಲಸವನ್ನು ಮಾಡಿದರೆ, ಕಣಗಳ ನಡುವಣ ನೀರು ಒತ್ತಡಕ್ಕೆ ಸಿಕ್ಕಿ, ಕಣಗಳು ಒಂದನ್ನೊಂದು ಬಿಟ್ಟು, ನೆಲವೇ ಗಂಜಿಯಂತಾಗುವ ಅಪಾಯವುಂಟು. ಕೊಲ್ಲಿಯ ಆಚೆಯ ದಡದ ಇರಾನು ಭೂಕಂಪಗಳ ನಾಡು. ಆದುದರಿಂದ ಕಂಪಿಸುವ ಉಕ್ಕಿನ ಸಲಾಕೆಗಳನ್ನು ನೀರಿನ ಧಾರೆಯೊಡನೆ ಮರಳಿನೊಳಕ್ಕೆ ಇಳಿಸಿ, ದ್ವೀಪದುದ್ದಕ್ಕೂ ಮೊದಲೇ ಅಲುಗಿಸಿ ಗಟ್ಟಿಮಾಡಿದರು.

ಈ ವಿಷಯದಲ್ಲಿ ದುಬಾಯಿಗೆ ಅದೃಷ್ಟವಿದ್ದಿತು. ಅಲ್ಲಿ ತಳದಲ್ಲಿ ಮರಳೂ ಮೆದು ಬಂಡೆಯೂ ಇವೆ. ಜಪಾನಿನ ಒಸಾಕಾ ಕೊಲ್ಲಿಯ ಕನ್ಸಾಯಿ ವಿಮಾನ ನಿಲ್ದಾಣಕ್ಕೆ ಆ ಭಾಗ್ಯವಿರಲಿಲ್ಲ. ೧೯೯೪ರಲ್ಲಿ ತೆರೆಯಲಾದ ಆ ದ್ವೀಪದ ಕೆಳಗೆ ಇರುವುದು ಮೆತ್ತನೆಯ ಜೇಡಿ. ಜೇಡಿಯ ರಂಧ್ರಗಳಲ್ಲಿ ನೀರು ತುಂಬಿದೆ. ಮೇಲೆ ಭಾರ ಬಿದ್ದಾಗ ಆ ನೀರು ಹೊರಬಂದಂತೆಲ್ಲ ನೆಲವು ಕುಗ್ಗುವುದು. ಆದರೆ ರಂಧ್ರಗಳು ಬಹು ಸೂಕ್ಷ್ಮವಾದುದರಿಂದ ನೀರು ಹೊರಬರಲು ವರ್ಷಗಳೇ ಬೇಕು. ಈ ಕ್ರಿಯೆಯ ಗಣಿತವನ್ನು ೧೯೨೦ರ ದಶಕದಲ್ಲಿ ಕಾರ್ಲ್ ಟೆರ್ಜಾಗಿ ಎಂಬ ಎಂಜಿನಿಯರನು ರೂಪಿಸಿದನು. ನೀರು ಹೊರಬರಬೇಕಾದ ದಾರಿಯು ಅರ್ಧವಾದರೆ ಕಾಲವು ನಾಲ್ಕರಲ್ಲೊಂದಾಗುವುದು ಎಂಬುದು ಅದರ ಒಂದು ಫಲ. ಜಪಾನಿನವರು ಮೇಲಿನ ಜೇಡಿಯ ಪದರದಲ್ಲಿ ಮರಳಿನ ಕಂಬಗಳನ್ನು ಇಳಿಸಿ ದಾರಿಯನ್ನು ಕಿರಿದುಮಾಡಿದರು. ಅದರ ಕೆಳಗಿನ ಆಳದ ಪದರಕ್ಕೆ ಮಾತ್ರ ಕೈ ಸಾಗಲಿಲ್ಲ. ತುಂಬುವ ಕೆಲಸ ಮೊದಲಾದಂದಿನಿಂದ ಆ ದ್ವೀಪವು ೧೨ ಮೀಟರಿಗೂ ಮಿಗಿಲಾಗಿ ತಗ್ಗಿದೆ. ಕಟ್ಟಡದ ಕಂಬಗಳ ಕೆಳಗೆ ಜಾಕಿಗಳನ್ನಿಟ್ಟು ಆಗಾಗ ಮಟ್ಟವನ್ನು ಸರಿಪಡಿಸುವರು. ೨೦೧೮ರ ಸೆಪ್ಟೆಂಬರಿನಲ್ಲಿ ಜೆಬಿ ಎಂಬ ಚಂಡಮಾರುತವು ಬಂದಾಗ ಓಡುದಾರಿಯ ಮೇಲೆ ಕಡಲೇ ಹರಿಯಿತು.

ತಡೆಗೋಡೆಯು ಅಲೆಯನ್ನು ತಡೆಯಿತು. ಆದರೆ ಅದು ನೀರನ್ನೂ ತಡೆಯಿತು. ಕೊಲ್ಲಿಯಲ್ಲಿ ಉಬ್ಬರವಿಳಿತದ ಏರಿಳಿತ ಎರಡು ಮೀಟರಿನೊಳಗೇ ಇರುವುದು. ಸುತ್ತಲೂ ಅಖಂಡವಾದ ಗೋಡೆಯಿದ್ದರೆ ಗರಿಗಳ ನಡುವಣ ಇಕ್ಕಟ್ಟಾದ ನೀರು ಹೊರಗಿನ ಕಡಲಿನೊಡನೆ ಬೇಗ ಬೆರೆಯದೆ, ಬೇಸಗೆಯ ಕಾವಿನಲ್ಲಿ ಕೆರೆಯ ನೀರಿನಂತೆ ಪಾಚಿಗಟ್ಟುವುದೆಂದು ಕಂಡುಬಂದಿತು. ಆದುದರಿಂದ ಗೋಡೆಯನ್ನು ಇಬ್ಬದಿಯಲ್ಲಿಯೂ ಸುಮಾರು ನೂರು ಮೀಟರಿನಷ್ಟು ಅಗಲಕ್ಕೆ ಕಡಿದು ಬಾಗಿಲುಗಳನ್ನು ಮಾಡಿ, ಅವುಗಳ ಮೇಲೆ ಸೇತುವೆಗಳನ್ನು ಹಾಕಿದರು. ಈಗ ಒಳಗಿನ ನೀರು ಬದಲಾಗಲು ಎರಡು ವಾರಗಳಷ್ಟು ಕಾಲ ಹಿಡಿಯುವುದೆನ್ನುವರು. ನೆಲವನ್ನು ಗಟ್ಟಿಯಾಗಿಸುವುದಷ್ಟನ್ನೇ ಯೋಚಿಸಿದ ಎಂಜಿನಿಯರಿಗೆ ನೀರು ಕಲಿಸಿದ ಪಾಠವಿದು. ನಕ್ಷೆ ಸಿದ್ಧವಾದ ಮೇಲೆಯೂ ಅದನ್ನು ತಿದ್ದಲು ಒಪ್ಪಿದುದಕ್ಕಾಗಿ ಅವರನ್ನು ಮೆಚ್ಚಬೇಕು.

೨೦೦೨ರಲ್ಲಿ ಪರದೇಶೀಯರೂ ಅಲ್ಲಿ ಮನೆಗಳನ್ನು ಕೊಳ್ಳಬಹುದೆಂಬ ಅಪ್ಪಣೆಯಾಯಿತು. ೨೦೦೬ರಲ್ಲಿ ಇದು ಕಾಯಿದೆಯಾಗಿ ನೆಲೆಗೊಂಡಿತು. ಈ ಒಂದು ಮಾತಿಲ್ಲದಿದ್ದರೆ ಮರಳಿನ ಗರಿಗಳು ಬರಿಯ ಮರಳಾಗಿಯೇ ಉಳಿಯುತ್ತಿದ್ದವು. ೨೦೦೮ರಲ್ಲಿ ಬಾಲಚಂದ್ರದ ನಡುವೆ ಅಟ್ಲಾಂಟಿಸ್ ಎಂಬ ಮಹಾ ಹೋಟೆಲು ತೆರೆಯಿತು. ಕಡಲಿನಡಿಯ ಸುರಂಗವೊಂದು ಅದನ್ನು ದ್ವೀಪದೊಡನೆ ಜೋಡಿಸುವುದು. ೨೦೦೯ರಲ್ಲಿ ಒಂಟಿಕಂಬಿಯ ರೈಲೂ ಓಡತೊಡಗಿತು. ಮರಳನ್ನು ಸುರಿಯಲು ಹಡಗುಗಳೂ ಕೆಲವೇ ನಿಪುಣರೂ ಸಾಕಾದರು. ಆದರೆ ಅದರ ಮೇಲೆ ಮನೆಗಳನ್ನೆಬ್ಬಿಸಿದ ಕೈಗಳು ಬಹುಪಾಲು ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳಗಳ ಕೂಲಿಗಾರರವು. ಕೆಲಸ ಮುಗಿದೊಡನೆ ಅವರಿಗೆ ಆ ತೀರದ ಮೇಲೆ ಕಾಲಿಡಲು ಅವಕಾಶ ಉಳಿಯಲಿಲ್ಲ. ಗರಿಗಳ ತೀರವೆಲ್ಲ ಅಲ್ಲಿಯ ಮನೆಯವರದೇ.

ಒಂದು ಮರದಿಂದ ತೃಪ್ತಿಯಾಗಲಿಲ್ಲ. ೨೦೦೨ರಲ್ಲಿ ಇದಕ್ಕೆ ಎರಡರಷ್ಟು ದೊಡ್ಡದಾದ ಪಾಮ್ ಜೆಬೆಲ್ ಅಲಿಯನ್ನೂ, ೨೦೦೩ರಲ್ಲಿ ತೀರದಿಂದ ನಾಲ್ಕು ಕಿಲೋಮೀಟರು ದೂರದಲ್ಲಿ ಭೂಪಟದ ಆಕಾರದ ಸುಮಾರು ೩೦೦ ದ್ವೀಪಗಳನ್ನೂ ಮೊದಲುಮಾಡಿದರು. 'ಪ್ರಪಂಚ'ವೆಂದು ಹೆಸರಿಟ್ಟ ಆ ದ್ವೀಪಸಮೂಹಕ್ಕೆ ೩೨ ಕೋಟಿ ಘನ ಮೀಟರು ಮರಳು ಹಿಡಿಯಿತು. ಅದರ ರಚನೆ ೨೦೦೮ರ ಮೊದಲಿನಲ್ಲಿ ಮುಗಿಯಿತು. ಅದೇ ವರ್ಷ ಜಗತ್ತಿನ ಹಣದ ಪೇಟೆಗಳು ಕುಸಿದವು. ೨೦೦೯ರ ನವೆಂಬರಿನಲ್ಲಿ ನಖೀಲಿನ ಮಾತೃಸಂಸ್ಥೆಯಾದ ದುಬಾಯಿ ವರ್ಲ್ಡ್ ಸಾಲ ತೀರಿಸಲು ಗಡುವನ್ನು ಬೇಡಿತು. ಡಿಸೆಂಬರಿನಲ್ಲಿ ಅಬುಧಾಬಿಯು ೧,೦೦೦ ಕೋಟಿ ಡಾಲರು ಕೊಟ್ಟು ನೆರವಾಯಿತು. ಅಲ್ಲಿಂದೀಚೆಗೆ ಕೆಲವು ದ್ವೀಪಗಳಲ್ಲಿ ಹೋಟೆಲುಗಳು ಎದ್ದಿವೆ. ಹೆಚ್ಚಿನವು ಮರಳುದಿಬ್ಬಗಳಾಗಿಯೇ ಇವೆ. ೨೦೧೧ರಲ್ಲಿ ಒಂದು ದೋಣಿ ಸಂಸ್ಥೆಯ ಪರವಾಗಿ ವಾದಿಸಿದ ವಕೀಲರು, ದ್ವೀಪಗಳು ಸವೆಯುತ್ತಿವೆ, ನಡುವಣ ಕಾಲುವೆಗಳು ತುಂಬುತ್ತಿವೆ ಎಂದು ನ್ಯಾಯಮಂಡಳಿಯ ಮುಂದೆ ಹೇಳಿದರು. ನಿರ್ಮಾಪಕರು ಅದನ್ನು ಅಲ್ಲಗಳೆದರು. ವಾದವು ಯಾರ ಕಡೆಗಾದರೂ ಇರಲಿ, ಕಲ್ಲಿನ ಹೊದಿಕೆಯಿಲ್ಲದ ಮರಳಿನ ಅಂಚು ಅಲೆಗೆ ತಕ್ಕ ಇಳಿಜಾರನ್ನು ತಾನೇ ಹುಡುಕಿಕೊಳ್ಳುವುದೆಂಬುದು ಭೌತಶಾಸ್ತ್ರದ ಮಾತು.

ನೈಸರ್ಗಿಕ ತೀರಕ್ಕೂ ಇದರಿಂದ ಪರಿಣಾಮವುಂಟು. ಅಲೆಗಳು ತೀರಕ್ಕೆ ಓರೆಯಾಗಿ ಬಂದಾಗ ಮರಳು ತೀರದುದ್ದಕ್ಕೂ ಮೆಲ್ಲಮೆಲ್ಲನೆ ಸಾಗುತ್ತಿರುವುದು. ನಡುವೆ ಒಂದು ಅಡ್ಡಿಯನ್ನಿಟ್ಟರೆ ಒಂದು ಮಗ್ಗುಲಲ್ಲಿ ಮರಳು ಕೂಡಿಕೊಳ್ಳುವುದು, ಇನ್ನೊಂದು ಮಗ್ಗುಲು ಹಸಿಯುವುದು. ಉಳ್ಳಾಲದ ಕಡಲ್ಕೊರೆತವನ್ನು ಕಂಡವರಿಗೆ, ನದಿಯ ಮುಖದಲ್ಲಿ ಹಾಕಿದ ತಡೆಗೋಡೆಗಳ ಬಗೆಗೆ ಅಲ್ಲಿ ನಡೆದ ಚರ್ಚೆಯನ್ನು ಕೇಳಿದವರಿಗೆ, ಈ ವಿಷಯವು ಅಪರಿಚಿತವಲ್ಲ. ದುಬಾಯಿಯಲ್ಲಿ ಹಸಿದ ತೀರಗಳಿಗೆ ಮರಳನ್ನು ಉಣಿಸುತ್ತಲೇ ಇರಬೇಕು. ದ್ವೀಪವನ್ನು ಕಟ್ಟುವ ಖರ್ಚನ್ನು ಎಲ್ಲರೂ ಬರೆಯುವರು, ಅದನ್ನು ಇರಿಸಿಕೊಳ್ಳುವ ಖರ್ಚನ್ನು ಬರೆಯುವವರು ಕಡಮೆ.

ಮರಳೂ ಅಕ್ಷಯವಾದುದಲ್ಲ. ೧೯೬೫ರಲ್ಲಿ ಸ್ವತಂತ್ರವಾದಾಗ ಸುಮಾರು ೫೮೦ ಚದರ ಕಿಲೋಮೀಟರು ಇದ್ದ ಸಿಂಗಪುರವು ಕಡಲನ್ನು ತುಂಬಿ ತುಂಬಿ ಈಗ ೭೩೦ನ್ನು ದಾಟಿದೆ. ಅದಕ್ಕೆ ಮರಳನ್ನೊದಗಿಸುತ್ತಿದ್ದ ಇಂಡೊನೇಷ್ಯವು ತನ್ನ ತೀರಗಳು ಸವೆಯುವುದನ್ನು ಕಂಡು ೨೦೦೩ರಲ್ಲಿ ಸಮುದ್ರದ ಮರಳಿನ ರಫ್ತನ್ನು ನಿಲ್ಲಿಸಿತು. ೨೦೨೩ರಲ್ಲಿ ಮತ್ತೆ ಅದಕ್ಕೆ ದಾರಿ ತೆರೆಯಿತು.

ಇನ್ನು ಹವಳದ ಮಾತು. ಪಾಮ್ ಜೆಬೆಲ್ ಅಲಿಯನ್ನು ಸುರಿದ ಕಡಲು ೧೯೯೮ರಲ್ಲಿ ರಕ್ಷಿತ ಪ್ರದೇಶವೆಂದು ಸಾರಲಾಗಿದ್ದ ಸ್ಥಳ. ಅಲ್ಲಿಯ ಹವಳದ ಬಹುಭಾಗ ಮರಳಿನಡಿಯಲ್ಲಿ ಹೂತುಹೋಯಿತು. ಹೂಳದೆ ಉಳಿದ ಹವಳಕ್ಕೆ ಸ್ಟೋಕ್ಸನು ಹೇಳಿದ ಸಣ್ಣ ಕಣಗಳಿಂದ ತೊಂದರೆ: ದಿನಗಟ್ಟಲೆ ತೇಲುವ ಧೂಳು ಬೆಳಕನ್ನು ತಡೆಯುವುದು, ಹವಳದ ಒಡಲಲ್ಲಿ ಬಾಳುವ ಪಾಚಿಗೆ ಬೆಳಕಿಲ್ಲದೆ ಆಹಾರವಿಲ್ಲ. ಈ ಚಿತ್ರಕ್ಕೆ ಇನ್ನೊಂದು ಮಗ್ಗುಲೂ ಉಂಟು. ತಡೆಗೋಡೆಯ ಬಂಡೆಗಳ ಮೇಲೆ ಕಾಲಕ್ರಮದಲ್ಲಿ ಹೊಸ ಹವಳಗಳು ಬೆಳೆದು, ಮೀನುಗಳೂ ಬಂದು ಸೇರಿದುವು. ಆದರೆ ಅಲ್ಲಿ ನೆಲೆಸಿದ ಜಾತಿಗಳ ಬೆರಕೆಯು ಹಳೆಯ ದಿಬ್ಬಗಳಲ್ಲಿದ್ದಂಥದಲ್ಲವೆಂದು ಜೀವಿಶಾಸ್ತ್ರಜ್ಞರು ಕಂಡಿರುವರು. ಇದನ್ನು ನಷ್ಟಕ್ಕೆ ಪೂರ್ತಿ ಪರಿಹಾರವೆನ್ನುವವರ ಮಾತು ನಮಗೆ ಒಪ್ಪಿಗೆಯಾಗದು. ಕಾಡನ್ನು ಕಡಿದು ಸಾಲುಮರಗಳನ್ನು ನೆಟ್ಟವನೂ ಹಾಗೆಯೇ ಹೇಳಬಲ್ಲನು. ೨೦೧೭ರ ಬೇಸಗೆಯ ಅತಿ ಕಾವಿನಿಂದ ಕೊಲ್ಲಿಯ ದಕ್ಷಿಣದ ಹವಳಗಳು ಬಹುಮಟ್ಟಿಗೆ ಬಿಳಿಚಿ ಸತ್ತಾಗ ಹೊಸದು ಹಳೆಯದೆಂಬ ಭೇದವೂ ಅಲ್ಪವಾಯಿತು.

ಕಾವು ಏರಿದಂತೆ ಕಡಲೂ ಏರುವುದು. ೧೯೦೧ರಿಂದ ೨೦೧೮ರ ವರೆಗೆ ಸಮುದ್ರದ ಸರಾಸರಿ ಮಟ್ಟವು ೨೦ ಸೆಂಟಿಮೀಟರು ಮೇಲೇರಿದೆ. ೨೧೦೦ರ ವೇಳೆಗೆ ಇನ್ನೂ ಎಷ್ಟು ಏರುವುದೆಂಬುದು ನಾವು ಸುಡುವ ಇಂಧನವನ್ನು ಅವಲಂಬಿಸಿದೆ: ಬಹಳ ಹಿಡಿತದಲ್ಲಿಟ್ಟರೆ ಸುಮಾರು ಮೂವತ್ತರಿಂದ ಐವತ್ತೈದು ಸೆಂಟಿಮೀಟರು, ಹಿಡಿತವಿಲ್ಲದೆ ಸುಟ್ಟರೆ ಒಂದು ಮೀಟರಿನ ತನಕ ಎಂದು ಅಂತರರಾಷ್ಟ್ರೀಯ ತಜ್ಞಮಂಡಳಿಯು ಅಂದಾಜು ಮಾಡಿದೆ. ಮೂರು ನಾಲ್ಕು ಮೀಟರು ಎತ್ತರದ ನೆಲವು ಇದರಿಂದ ಕೂಡಲೇ ಮುಳುಗಲಾರದು. ಆದರೆ ತಡೆಗೋಡೆಯ ಮುಂದೆ ನೀರು ಆಳವಾದಷ್ಟೂ ದೊಡ್ಡ ಅಲೆಗಳು ಒಡೆಯದೆ ಅದರ ಬಳಿಗೆ ಬರುವುವು. ಗರಿಗಳ ಓರೆಯಾದ ಮರಳುತೀರದಲ್ಲಿ ಒಂದು ಅಡಿ ಏರಿದ ನೀರು ಹಲವು ಅಡಿ ಒಳಕ್ಕೆ ಬರುವುದು. ಮಾಲ್ಡೀವ್ಸಿನಲ್ಲಿ ೧೯೯೭ರಲ್ಲಿ ತೊಡಗಿ ಕಟ್ಟಿದ ಹುಲ್ಹುಮಾಲೆ ಎಂಬ ಕೃತಕ ದ್ವೀಪದ ಎತ್ತರ ಸುಮಾರು ಎರಡು ಮೀಟರು. ಅದು ಭೋಗಕ್ಕಾಗಿ ಆದುದಲ್ಲ. ಇಕ್ಕಟ್ಟಾದ ರಾಜಧಾನಿ ಮಾಲೆಯ ಜನರಿಗೆ ಕಾಲೂರಲು ಎಡೆ ಬೇಕಾಗಿತ್ತು. ಮರಳು, ಹಡಗು, ಚಿಮ್ಮುವ ಕಮಾನು ಎಲ್ಲವೂ ಎರಡು ಕಡೆಯೂ ಒಂದೇ. ದುಬಾಯಿಯವನಿಗೆ ಹಿಂದೆ ಸರಿಯಲು ಮರಳುಗಾಡಿದೆ. ಮಾಲೆಯವನಿಗೆ ಹಿಂದೆಯೂ ಕಡಲೇ.

ಕೆಲಸ ನಿಂ‌ತ ಪಾಮ್ ಜೆಬೆಲ್ ಅಲಿಯು ಹದಿನಾಲ್ಕು ಹದಿನೈದು ವರ್ಷಗಳ ಕಾಲ ಮನೆಯಿಲ್ಲದೆ, ಜನವಿಲ್ಲದೆ, ಆಕಾಶದಿಂದ ನೋಡುವವರಿಗೆ ಮಾತ್ರ ಮರದಂತೆ ತೋರುತ್ತ ಬಿದ್ದಿದ್ದಿತು. ೨೦೨೩ರಲ್ಲಿ ಅದಕ್ಕೆ ಹೊಸ ನಕ್ಷೆಯನ್ನು ಪ್ರಕಟಿಸಿ, ಗರಿಗಳ ಮೇಲಿನ ನಿವೇಶನಗಳನ್ನು ಮಾರಲು ಮೊದಲಿಟ್ಟು, ಮರಳು ಹೊತ್ತ ಹಡಗುಗಳನ್ನು ಮತ್ತೆ ಅಲ್ಲಿಗೆ ಕಳುಹಿಸಿರುವರು.